ಬೆಟಗೇರಿಯ ರಾಜಿ ಕ್ಲಾಸು: ದಸರೆಯ ತನಕದ ವರದಿ

ಆಗಸ್ಟ್‌ನಲ್ಲಿ ಶುರು ಮಾಡಿದಾಗ ಮಕ್ಕಳಿಗೆ ಜಗಳ ಬಗೆಹರಿಸೋದು ಕಲಿಸುವ ಈ ಕ್ಲಾಸಿಗೆ ‘ಶಾಂತಿ ತರಗತಿ’ ಅಂತ ಹೆಸರಿಟ್ಟಿದ್ದೆ. ಭಾನುವಾರ ಚರ್ಚಿನ ಆರಾಧನೆ ಮುಗಿದ ಮೇಲೆ ಒಂದು ತಾಸು. 14 ಮಕ್ಕಳು. ಅವರಲ್ಲಿ 5 ಮಂದಿ ನಮ್ಮ ಚರ್ಚಿನ ಸಭೆಯವರಲ್ಲ, ಗೆಳೆಯರ ಬೆನ್ನು ಹತ್ತಿ ಬಂದ ಓಣಿಯ ನೇಕಾರರ ಮಕ್ಕಳು. ಅವರ ಮನೆಗಳಿಗೆ ಮೊದಲೇ ಹೋಗಿ, ಬೈಬಲ್ಲಿನ ಯಾವ ಕತೆ ಹೇಳ್ತೀನಿ, ಯಾಕೆ ಹೇಳ್ತೀನಿ ಅಂತ ತಿಳಿಸಿ ಬಂದೆ. ದೋಸ್ತಿ ಅಂತ ಕರೆದು ಒಳಗೊಂದು ಲೆಕ್ಕ ಇಟ್ಟುಕೊಳ್ಳೋದು ನನಗೆ ಸೇರೋದಿಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1841ರಲ್ಲಿ ಗದಗದ ಪಕ್ಕದ ನಮ್ಮ ಬೆಟಗೇರಿಗೆ ಬಂದಾಗಿಂದ ಚರ್ಚಿನವರು, ಮಗ್ಗದವರು ಇಲ್ಲಿ ನೆರೆಹೊರೆಯವರು. ಜಗಳಕ್ಕೂ ಅಷ್ಟೇ ವಯಸ್ಸಾಗಿರಬೇಕು.

ಮೊದಲ ವಾರವೇ ಬೇರೆ ಹೆಸರು ಬಿತ್ತು. ಬೈಬಲ್ಲಿನ ಮತ್ತಾಯ 5:9, ‘ಸಮಾಧಾನಪಡಿಸುವವರು ಧನ್ಯರು’. ಎರಡೇ ನಿಮಿಷದಲ್ಲಿ ಎಲ್ಲರಿಗೂ ಬಾಯಿಪಾಠ. ಹಂಗಂದ್ರೇನು ಅಂತ ಕೇಳಿದರೆ, ‘ಅಳೋ ಕೂಸಿನ್ನ ರಮಿಸೋದ್ರೀ ಅಕ್ಕಾರ’ ಅಂದಳು ಒಬ್ಬಳು. ತಪ್ಪೇನಿಲ್ಲ, ನಮ್ಮ ಮನೆಗಳಲ್ಲಿ ಆ ಮಾತಿಗೆ ಅದೇ ಅರ್ಥ. ಗ್ರೀಕ್ ಮೂಲದಲ್ಲಿರುವುದು ಶಾಂತಿಯನ್ನು ‘ಮಾಡುವವರು’ ಅಂತ, ಕೈಯಿಂದ ಏನನ್ನೋ ಕಟ್ಟುವವರ ಹಾಗೆ. ಇದನ್ನು ಹೆಂಗ ಹೇಳೋದು ಅಂತ ನಾನು ತಡಕಾಡುವಾಗ ಹಿಂದಿನ ಸಾಲಿನ ಹುಡುಗ, ‘ನಮ್ಮಜ್ಜ ರಾಜಿ ಮಾಡಸ್ತಾನಲ್ರೀ, ಅದು’ ಅಂದ. ಅವತ್ತಿಂದ ಇದು ರಾಜಿ ಕ್ಲಾಸು.

ಎರಡನೇ ವಾರ ‘ಸಾರಿ’ ಬಂದ್ ಮಾಡಿದೆ. ಕೈ ಹಿಡಿದು ಹೇಳಿಸಿದ ಸಾರಿ ಬಾಗಿಲ ಹೊರಗೆ ಹೋಗುವಷ್ಟರಲ್ಲಿ ಗುದ್ದಾಗಿರುತ್ತದೆ. ಅದರ ಬದಲು ಮತ್ತಾಯ 18:15 ಹಿಡಿದೆ: ತಪ್ಪು ಮಾಡಿದವನ ಹತ್ತಿರ ನೀನೇ ಹೋಗು, ಇಬ್ಬರೇ ಇದ್ದಾಗ ಹೇಳು. ನನ್ನ ಹತ್ತಿರ ಚಾಡಿ ತರುವುದು ಆಮೇಲೆ. ಮುಂದಿನ ಭಾನುವಾರ ಅಂಗಳದಲ್ಲಿ ಕೇಳಿಸಿದ್ದು: ‘ಒಬ್ಬನ ಬಾ ಲೇ, ಹೇಳ್ತೇನಿ!’ ಬೆದರಿಕೆಗೆ ಆಧಾರ ವಚನ ಕೊಟ್ಟ ಹಾಗಾಯಿತು.

ಯೇಸುವನ್ನು ಕಂಡು ಬದಲಾದ ಸುಂಕದವ ಜಕ್ಕಾಯನ ಕತೆಯೂ ಹೀಗೇ. ಮೋಸದಿಂದ ತೆಗೆದುಕೊಂಡಿದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದನಲ್ಲ ಅವನು, ಅದನ್ನು ಕೇಳಿದ್ದೇ ತಡ, ತಮ್ಮ ಪೆನ್ಸಿಲ್‌ಗಳನ್ನು ಯಾರಾದರೂ ಕದಿಯಲಿ ಅಂತ ಕಾಯತೊಡಗಿದರು. ಆದರೆ ಒಬ್ಬ ಮಾತ್ರ ತಾನು ಹರಿದ ಗಾಳಿಪಟಕ್ಕೆ ಹೊಸ ಕಾಗದ ಅಂಟಿಸಿ ತಂದುಕೊಟ್ಟ. ನಾನು ಹೇಳಿರಲಿಲ್ಲ. ಬಾಲಂಗೋಸಿ ಸೊಟ್ಟಗಿತ್ತು.

ನಾಲ್ಕನೇ ವಾರ ಮಳೆ, ಮೂರೇ ಮಕ್ಕಳು. ಚಿತ್ರ ಬರೆಸಿ ಕಳಿಸಿದೆ.

ಐದನೇ ವಾರ ತಾಯಂದಿರನ್ನು ಕರೆದದ್ದು ನನ್ನ ದೊಡ್ಡ ತಪ್ಪು. ಕರೆದದ್ದಲ್ಲ, ಕರೆದು ನಾಟಕ ಆಡಿಸಿದ್ದು. ‘ನಿಮ್ಮ ಓಣಿಯ ಒಂದು ಜಗಳ ಮಾಡಿ ತೋರಿಸ್ರಿ’ ಅಂದೆ. ನಮ್ಮಲ್ಲಿ ನಳದ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ, ಬಂದ ದಿನ ಕೊಡಗಳ ಸಾಲು. ಹುಡುಗಿಯರಿಬ್ಬರು ಅದನ್ನೇ ಎತ್ತಿಕೊಂಡರು: ಕೊಡ ಸರಿಸಿದ್ದು, ಸೆರಗು ಸಿಕ್ಕಿಸಿದ್ದು, ಬೈಗುಳ, ಧ್ವನಿ ಸಮೇತ. ಅಸಲಿ ಇಬ್ಬರೂ, ನಮ್ಮ ಸಭೆಯ ಒಬ್ಬಾಕೆ, ಮಗ್ಗದ ಮನೆಯ ಒಬ್ಬಾಕೆ, ಅಲ್ಲೇ ಚಾಪೆ ಮೇಲೆ ಕೂತಿದ್ದರು. ಎಲ್ಲರೂ ನಕ್ಕರು. ಮಗ್ಗದ ಮನೆಯಾಕೆ ಮಗಳ ಕೈ ಹಿಡಿದು ಎದ್ದು ಹೋದಳು.

ಮುಂದಿನ ವಾರ ಆ ಹುಡುಗಿ ಬರಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಅಂತ ನಾನೇ ಕಲಿಸಿದ್ದೆ, ಆದರೆ ಅವರ ಮನೆ ಹೊಸ್ತಿಲು ತುಳಿಯಲು ನನಗೆ ಒಂಬತ್ತು ದಿನ ಬೇಕಾಯಿತು. ಅವಳ ತಾಯಿ ಮಗ್ಗ ನಿಲ್ಲಿಸಿ ಚಹಾ ಮಾಡಿದಳು. ‘ಜಗಳಾ ಆಡೇವ್ರೀ, ಸುಳ್ಳಲ್ಲ. ಆಕಿ ಮುಂದ ನನ್ನ ನಗಿಪಾಟಲು ಮಾಡಿದ್ರಿ, ಅದು ಹತ್ತಿತು’ ಅಂದಳು. ‘ತಪ್ಪಾತು ಬೇ’ ಅಂದೆ. ಇನ್ನೇನೂ ಸೇರಿಸಲಿಲ್ಲ. ಸೇರಿಸಿದ್ದರೆ ಅದು ಸಬೂಬು ಆಗುತ್ತಿತ್ತು. ಮುಂದಿನ ಭಾನುವಾರ ಹುಡುಗಿ ಬಂದಳು.

ವಿಜಯದಶಮಿ ಸಂಜೆ ಮಗ್ಗದ ಮನೆಯ ಮಕ್ಕಳು ಬನ್ನಿ ಹಿಡಿದು ಬಂದರು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ.’ ನಮ್ಮ ಹುಡುಗರು ಇಸಿದುಕೊಂಡರು. ಸಭೆಯ ಒಬ್ಬ ಹಿರಿಯರಿಗೆ ಇದು ಸರಿ ಕಾಣಲಿಲ್ಲ. ಇಡೀ ಓಣಿ ವರ್ಷಕ್ಕೊಮ್ಮೆ ಜಗಳ ಮರೆಯಲು ಇಟ್ಟುಕೊಂಡ ದಿನ, ಬಂದ ಕೈಗೆ ಬೆನ್ನು ತೋರಿಸಿ ಆಮೇಲೆ ಯಾವ ರಾಜಿ ಕಲಿಸಲಿ ಅಂತ ನಾನು. ಇನ್ನೂ ಒಪ್ಪಿಲ್ಲ ಅವರು.

ಅವತ್ತು ಮಗ್ಗದ ಮನೆಯಾಕೆ ನಮ್ಮ ಸಭೆಯಾಕೆಯ ಕೈಗೂ ಬನ್ನಿ ಇಟ್ಟಳಂತೆ, ಮಾತಾಡಲಿಲ್ಲವಂತೆ. ಮೊನ್ನೆ ನೀರು ಬಂದಾಗ ನೋಡಿದೆ: ಇಬ್ಬರ ಕೊಡಗಳೂ ಒಂದೇ ಸಾಲಿನಲ್ಲಿ, ನಡುವೆ ಬೇರೆಯವರ ಏಳು ಕೊಡ. ಈ ಭಾನುವಾರ ಯೋಸೇಫ ಮತ್ತು ಅವನನ್ನು ಮಾರಿದ ಅವನ ಅಣ್ಣಂದಿರು. ನಾಟಕ ಇಲ್ಲ.