ಎಣ್ಣೆಯ ಒತ್ತಕ್ಷರ

ಬಂಡಲ್ ಬಿಚ್ಚಿದಾಗ ತಪ್ಪನ್ನು ಮೊದಲು ಕಂಡವಳು ನನ್ನ ಮಗಳು. "ಅಮ್ಮ, ಇದು ಎಣ್ಣೆ ಅಲ್ಲ, ಎಣ್‌ಣೆ ಆಗೇತಿ" ಅಂದಳು. ಚೀಲ ಕೈಗೆ ತಗೊಂಡು ನೋಡಿದೆ. ಹಸಿರು ಶೇಂಗಾ ಗಿಡ, ಕೆಂಪು ಸೂರ್ಯ, ಗಾಣ ಸುತ್ತುವ ಎತ್ತು ಎಲ್ಲ ಚೆಂದ ಬಂದಿದ್ದವು. ಆದರೆ 'ಗಾಣದ ಎಣ್ಣೆ' ಎಂಬಲ್ಲಿ ಕೆಳಗೆ ಕೂರಬೇಕಾದ ಒತ್ತು ಪಕ್ಕಕ್ಕೆ ಸರಿದು ನಿಂತಿತ್ತು. ಒಂದಲ್ಲ, 500 ಚೀಲದ ಮೇಲೂ ಹಾಗೆಯೇ. ಯುಗಾದಿಗೆ ಎಂಟು ದಿನ ಉಳಿದಿತ್ತು.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮದೊಂದು ಸಣ್ಣ ಗಾಣದೆಣ್ಣೆ ಅಂಗಡಿ. ಶೇಂಗಾ ತರುವುದು ನನ್ನ ತವರು ಚಳ್ಳಕೆರೆ ಕಡೆಯಿಂದ. ತಿಂಗಳು ತಿಂಗಳೂ ತಪ್ಪದೆ ಎಣ್ಣೆ ಒಯ್ಯುವ ಮನೆಗಳಿಗೆ ಹಬ್ಬಕ್ಕೆ ಅಂಗಡಿ ಹೆಸರಿನ ಚೀಲ ಕೊಡಬೇಕೆಂಬುದು ನನ್ನ ಬಹುದಿನದ ಆಸೆ. ಮೊಬೈಲಿನಲ್ಲಿ ಹುಡುಕಿ, ದೂರದ ಒಂದು ಕಂಪನಿಗೆ ಆರ್ಡರ್ ಕೊಟ್ಟಿದ್ದೆ. 200 ಚೀಲಕ್ಕೆ ಒಂದರ ರೇಟು 26 ರೂಪಾಯಿ, 500 ತಗೊಂಡರೆ 19. ಇಷ್ಟು ಇಳಿಯುವಾಗ 200 ಯಾಕೆ ತಗೊಳ್ಳಬೇಕು ಅನ್ನಿಸಿತು. ಜಿಎಸ್‌ಟಿ, ಸಾಗಣೆ ಎಲ್ಲ ಸೇರಿ 11,500 ರೂಪಾಯಿ ಕಟ್ಟಿದೆವು. ನಮ್ಮ ಖಾತೆ ಪುಸ್ತಕದಲ್ಲಿ ಕಾಯಂ ಗಿರಾಕಿಗಳು ಎಷ್ಟು ಅಂತ ಎಣಿಸಿದ್ದು ದುಡ್ಡು ಹೋದ ಮೇಲೆ: 260 ಮನೆ.

ಕಂಪನಿಗೆ ಫೋನ್ ಮಾಡಿದರೆ "ಡಿಸೈನ್ ಕಳಿಸಿದ್ವಿ, ನೀವೇ ಓಕೆ ಅಂದಿದ್ರಿ" ಎಂದರು. ಅದು ನಿಜ. ಗಿರಾಕಿಗೆ ಎಣ್ಣೆ ಅಳೆಯುತ್ತ, ಅಂಗೈ ಅಗಲದ ಪರದೆಯಲ್ಲಿ ನೋಡಿ ಓಕೆ ಎಂದಿದ್ದೆ.

ಆ ಯುಗಾದಿಗೆ ಯಾರಿಗೂ ಚೀಲ ಕೊಡಲಿಲ್ಲ. ಭಾಷೆಯನ್ನೇ ತಪ್ಪಾಗಿ ಬರೆದ ಚೀಲ ಕೊಟ್ಟು, ಒಳಗಿನ ಎಣ್ಣೆ ಶುದ್ಧ ಎಂದು ಹೇಗೆ ಹೇಳಲಿ? ಒಳಗು ಹೊರಗು ಮಾಡಿ, ಎಮ್ಮೆ ಕಟ್ಟಿದವರಿಗೆ ಶೇಂಗಾ ಹಿಂಡಿ ತುಂಬಿ ಕೊಡಲು ಬಳಸತೊಡಗಿದೆವು. ಹಿಂಡಿ ಒಯ್ಯಲು ಬಂದ ನಿವೃತ್ತ ಮೇಷ್ಟ್ರೊಬ್ಬರು ಚೀಲ ಮುಟ್ಟಿ ನೋಡಿ, "ತಾಯಿ, ಇದೂ ಪ್ಲಾಸ್ಟಿಕ್ಕೇ" ಎಂದರು. ನಾನು ಬಟ್ಟೆ ಅಂದುಕೊಂಡಿದ್ದ ನಾನ್-ವೋವೆನ್ ಚೀಲ ಪಾಲಿಪ್ರೊಪಿಲೀನಿನದು. 60 ಜಿಎಸ್‌ಎಂಗಿಂತ (ಅಂದರೆ ಚದರ ಮೀಟರಿಗೆ 60 ಗ್ರಾಂ ತೂಕಕ್ಕಿಂತ) ತೆಳುವಾದ ಅಂಥ ಚೀಲಗಳನ್ನು 2021ರ ಸೆಪ್ಟೆಂಬರ್ 30ರಿಂದಲೇ ನಿಷೇಧಿಸಿದ್ದಾರೆ. ನಾನು ಜಿಎಸ್‌ಎಂ ಎಷ್ಟು ಅಂತ ಕೇಳಿರಲೇ ಇಲ್ಲ.

ದೀಪಾವಳಿಗಾದರೂ ಸರಿಯಾದ ಬಟ್ಟೆ ಚೀಲ ಮಾಡಿಸೋಣವೆಂದು ಆಷಾಢದ ಒಂದು ಮಂಗಳವಾರ ಆ ಚೀಲವನ್ನೇ ಹಿಡಿದು ಹಳೇ ಪೇಟೆಯ ಓಣಿಯೊಂದರ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಹೋದೆ. ಆಷಾಢಕ್ಕೇ ಹೋದದ್ದು ಬೇಕೆಂದೇ. ಆ ತಿಂಗಳು ಮದುವೆ ಇಲ್ಲ, ಲಗ್ನಪತ್ರಿಕೆ ಕೆಲಸ ಇರುವುದಿಲ್ಲ. ದೀಪಾವಳಿ ಮುಂದೆ, ಡಿಸೆಂಬರಿನ ಕ್ಯಾಲೆಂಡರ್ ಸುಗ್ಗಿಯಲ್ಲಿ ಹೋದರೆ ಇದೇ ಜನಕ್ಕೆ ತಲೆ ಎತ್ತಿ ಮಾತಾಡಲು ಪುರುಸೊತ್ತಿರುವುದಿಲ್ಲ. ಅಂದು ಅಂಗಡಿಯ ಅಣ್ಣ ಒಬ್ಬರೇ ಕೂತು ಹಳೇ ಫ್ರೇಮುಗಳನ್ನು ಉಜ್ಜುತ್ತಿದ್ದರು. ಅವರ ತಂದೆ ಇಲ್ಲಿನ ಬಟ್ಟೆ ಮಿಲ್ಲಿನಲ್ಲಿ ದುಡಿದವರಂತೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದವರು.

ಚೀಲ ನೋಡಿದವರೇ ರೋಗ ಹೇಳಿದರು. "ನೀವು 'ನುಡಿ' ಅನ್ನೋ ಕನ್ನಡ ಸಾಫ್ಟ್‌ವೇರಿನ್ಯಾಗ ಟೈಪ್ ಮಾಡಿಸಿ ಕಳಿಸೀರಿ. ಅವರ ಹತ್ರ ಆ ಫಾಂಟ್ ಇಲ್ಲ. ಕಲಸುಮೇಲೋಗರ ಬಂದಿರ್ತೈತಿ. ಕನ್ನಡ ಗೊತ್ತಿಲ್ಲದೋರು ಯಾರೋ ತಿರುಗಿ ಟೈಪ್ ಮಾಡ್ಯಾರ, ಒತ್ತು ಒಡದೈತಿ." ಅದಕ್ಕೆ ಮದ್ದು ಇಷ್ಟೇ: ಕಳಿಸುವ ಮುಂಚೆ ಡಿಟಿಪಿಯವರಿಗೆ ಹೇಳಿ ಅಕ್ಷರಗಳನ್ನು ಕರ್ವ್ಸ್‌ಗೆ ಬದಲಿಸಿಬಿಡಬೇಕು. ಆಮೇಲೆ ಅದು ಅಕ್ಷರವಲ್ಲ, ಚಿತ್ರ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒತ್ತು ಅಲುಗುವುದಿಲ್ಲ. ಒಂದು ನಿಮಿಷದ ಕೆಲಸ.

ಆಮೇಲೆ ಅವರು ಬಣ್ಣ ಎಣಿಸಿದರು. ಹಸಿರು, ಕೆಂಪು, ಹಳದಿ, ಕಪ್ಪು. "ನಾಲ್ಕು ಬಣ್ಣ ಅಂದ್ರ ನಾಲ್ಕು ಸ್ಕ್ರೀನು, ನಾಲ್ಕು ಅಚ್ಚಿನ ಚೌಕಟ್ಟು. ಒಂದಕ್ಕ 450. ಒಂದೊಂದು ಚೀಲ ನಾಲ್ಕು ಸಲ ಹೊಡೀಬೇಕು, ಸಲಕ್ಕ ಎರಡೂವರೆ ರೂಪಾಯಿ. ಎತ್ತು ಒಂದೇ ಸಾಕಲ್ಲ, ಅಕ್ಕಾ?" ಲೆಕ್ಕ ಹಾಕಿದೆ. 300 ಚೀಲಕ್ಕೆ ನಾಲ್ಕು ಬಣ್ಣವಾದರೆ 4,800, ಒಂದೇ ಬಣ್ಣವಾದರೆ 1,200. ಶೇಂಗಾ ಗಿಡ ಬಿಡಲು ಮನಸ್ಸು ಬರಲಿಲ್ಲ, ಬಿಟ್ಟೆ. ಹಬ್ಬದ ಶುಭಾಶಯ, ಇಸವಿ ಕೂಡ ಬೇಡ ಎಂದೆ. ಉಳಿದ ಚೀಲ ಮುಂದಿನ ವರ್ಷಕ್ಕೂ ಆಗಬೇಕಲ್ಲ. ಎತ್ತು, ಹೆಸರು, ಊರು, ಫೋನ್ ನಂಬರ್ ಅಷ್ಟೇ ಉಳಿಯಿತು. ಎಣ್ಣೆ ಕಲೆ ಬಿದ್ದರೂ ಅಕ್ಷರ ಕಾಣಲೆಂದು ಗಾಢ ಕಂದು ಬಣ್ಣ ಆರಿಸಿದೆವು.

ಇನ್ನು ಚೀಲ. ತಯಾರು ಕಾಟನ್ ಚೀಲಕ್ಕೆ 35 ರೂಪಾಯಿ ಹೇಳುತ್ತಿದ್ದರು. ಅಣ್ಣ ನನ್ನನ್ನು ಚೌಕಿಪೇಟೆಗೆ ಅಟ್ಟಿದರು. ಬಿಳುಪು ಮಾಡದ ಕೋರಾ ಬಟ್ಟೆ, ಪನ್ನ (ಅಗಲ) 36 ಇಂಚು, ಮೀಟರಿಗೆ 42 ರೂಪಾಯಿ. ನಾನು ಕೇಳಿದ್ದು 17 ಇಂಚು ಎತ್ತರದ ಚೀಲ. ಹೊಲಿಯುವ ಪಕ್ಕದ ಬೀದಿಯ ಅಕ್ಕ ಟೇಪು ಹಿಡಿದು, "ಎರಡು ಇಂಚು ಕಡಿಮೆ ಮಾಡು" ಅಂದಳು. 17 ಇಂಚಾದರೆ ಎರಡು ಪದರ, ಬಾಯಿ ಮಡಿಕೆ ಸೇರಿ ಬಟ್ಟೆಯ 36 ಇಂಚೂ ಚೀಲಕ್ಕೇ ಮುಗಿಯುತ್ತದೆ. ಹಿಡಿಕೆಗೆ ಬೇರೆ ಪಟ್ಟಿ ಕೊಳ್ಳಬೇಕು, ಚೀಲಕ್ಕೆ ಮೂರು ರೂಪಾಯಿ. 15 ಇಂಚಾದರೆ ಅಂಚಿನಲ್ಲಿ ನಾಲ್ಕು ಇಂಚಿನ ಪಟ್ಟಿ ಉಳಿಯುತ್ತದೆ, ಅದನ್ನೇ ಎರಡಾಗಿ ಸೀಳಿ ಹಿಡಿಕೆ ಮಾಡಬಹುದು. ನಮ್ಮ ಎರಡು ಲೀಟರಿನ ಕ್ಯಾನು ಇಟ್ಟು ನೋಡಿದೆವು. 15 ಇಂಚಿನಲ್ಲಿ ಆರಾಮಾಗಿ ಕೂತಿತು. 100 ಮೀಟರಿಗೆ 300 ಚೀಲ ಆದವು, ಕಸಕ್ಕೆ ಹೋದದ್ದು ಬರೀ ನೂಲು.

ಸ್ಕ್ರೀನ್ ಮಾಡುವುದನ್ನು ಅಂದೇ ಮೊದಲು ನೋಡಿದ್ದು. ಮರದ ಚೌಕಟ್ಟಿಗೆ ಬಿಗಿದ ಸಣ್ಣ ಜಾಳಿಗೆಯ ಬಟ್ಟೆಗೆ ಔಷಧಿ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ಫಿಲ್ಮ್ ಇಟ್ಟು ಬೆಳಕಿಗೆ ಹಿಡಿದರು. ಬೆಳಕು ಬಿದ್ದ ಕಡೆ ಔಷಧಿ ಗಟ್ಟಿಯಾಗುತ್ತದೆ. ಅಕ್ಷರದ ನೆರಳಿದ್ದಲ್ಲಿ ಹಸಿಯಾಗಿಯೇ ಉಳಿದು, ನೀರು ಹಾಕಿದರೆ ಕರಗಿ ಹೋಗುತ್ತದೆ. ನಲ್ಲಿ ಕೆಳಗೆ ಫ್ರೇಮ್ ಹಿಡಿದಾಗ ಮೊದಲು ಎತ್ತಿನ ಕೊಂಬು ತೆರೆಯಿತು, ಆಮೇಲೆ 'ಗಾಣದ', ಆಮೇಲೆ 'ಎಣ್ಣೆ'. ಒತ್ತು ಕೆಳಗೆ ತನ್ನ ಜಾಗದಲ್ಲಿ ಕೂತಿತ್ತು. ನನ್ನ ಕಣ್ಣು ತುಂಬಿ ಬಂತು.

ಮೊದಲು ಒಂದೇ ಚೀಲಕ್ಕೆ ಹೊಡೆದು ಕೊಟ್ಟರು. "ಮನಿಗೆ ಒಯ್ದು ಇಸ್ತ್ರಿ ಮಾಡ್ರಿ, ಒಗೀರಿ, ಆಮ್ಯಾಲೆ ಹೇಳ್ರಿ." ಬಿಸಿ ತಾಗಿದರೇ ಬಣ್ಣ ನೂಲಿಗೆ ಕಚ್ಚುವುದಂತೆ. ಎರಡು ಸಲ ಸೋಪು ಹಾಕಿ ಉಜ್ಜಿದೆ. ಬಟ್ಟೆಯ ಗಂಜಿ ಹೋಗಿ ಮೆತ್ತಗಾಯಿತು, ಕಂದು ಬಣ್ಣ ಹಾಗೇ ಇತ್ತು. ಮೇಷ್ಟ್ರಿಗೂ ತೋರಿಸಿ ಅಕ್ಷರ ಅಕ್ಷರ ಓದಿಸಿದೆ. ಆಮೇಲೆ ಹೂಂ ಎಂದೆ.

ಬಟ್ಟೆ 4,200, ಹೊಲಿಗೆ 1,800, ಸ್ಕ್ರೀನು ಮತ್ತು ಮುದ್ರಣ 1,200. ಒಟ್ಟು 7,200, ಚೀಲಕ್ಕೆ 24. ಆ ಹಳೇ ಪ್ಲಾಸ್ಟಿಕ್ ಚೀಲ 23ಕ್ಕೇ ಬಿದ್ದಿತ್ತು. ರೇಟು ಮಾತ್ರ ನೋಡಿದರೆ ಇದೇ ದುಬಾರಿ. ಆದರೆ ಅದರಲ್ಲಿ ಒಂದೂ ಗಿರಾಕಿಯ ಕೈ ಸೇರಲಿಲ್ಲ, ಇದರಲ್ಲಿ ಒಂದೂ ಮೂಲೆ ಸೇರಲಿಲ್ಲ. ಬಿಲ್ಲು ನೋಡಿದ ನಮ್ಮ ಲೆಕ್ಕದವರು ಇನ್ನೊಂದು ಮಾತು ಹೇಳಿದರು. ಪುಕ್ಕಟೆ ಉಡುಗೊರೆಯಾಗಿ ಕೊಡುವ ಮಾಲಿನ ಮೇಲೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ, ಕಾಯ್ದೆಯ 17(5)ನೇ ಕಲಮಿನಲ್ಲಿಯೇ ಹಾಗಿದೆ. ಅಂದರೆ ಯಾರಾದರೂ ರೇಟು ಹೇಳಿ 'ಪ್ಲಸ್ ಜಿಎಸ್‌ಟಿ' ಅಂದರೆ, ಆ ಪ್ಲಸ್ಸೂ ನಮ್ಮ ಗಂಟಿನಿಂದಲೇ ಹೋಗುವುದು. ಕೊಳ್ಳುವ ಮುಂಚೆಯೇ ಸೇರಿಸಿ ನೋಡಬೇಕು.

ದೀಪಾವಳಿಗೆ 260 ಮನೆಗೂ ಚೀಲ ಮುಟ್ಟಿತು. ಉಳಿದ 40 ಹೊಸ ಗಿರಾಕಿಗಳಿಗೆ ಹೋದವು.

ಮರು ಆಷಾಢಕ್ಕೆ ಪ್ರಿಂಟಿಂಗ್ ಅಣ್ಣನಿಗೆ ಫೋನ್ ಮಾಡಿದೆ. "ನಿಮ್ಮ ಎತ್ತು ಇಲ್ಲೇ ಐತ್ರಿ, ಹೆಸರು ಬರದು ಗ್ವಾಡಿಗೆ ತೂಗಹಾಕೀನಿ. ಸ್ಕ್ರೀನಿನ ದುಡ್ಡು ಬ್ಯಾಡ. ಬಟ್ಟಿ ಹೊಲಿಸಿಕೊಂಡು ಬರ್ರಿ" ಅಂದರು. ಅಂದು ಸಂಜೆಯೇ ಸ್ಕೂಟರ್ ತೆಗೆದು ಮಗಳನ್ನು ಹಿಂದೆ ಕೂರಿಸಿಕೊಂಡು ಚೌಕಿಪೇಟೆಗೆ ಹೋದೆ, 50 ಮೀಟರ್ ಕೋರಾ ತರಲು.