ಬೆರಳು ಆಡಿಸಿ ತಾತಾ

"ತಾತಾ, ಕಾಲು ಬೆರಳು ಆಡಿಸಿ."

ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಐಸಿಯುನಲ್ಲಿ ಸಿಸ್ಟರ್ ಅಪ್ಪನ ಹೊದಿಕೆ ಸರಿಸುತ್ತಿದ್ದಳು. ಅಪ್ಪ ನಿದ್ದೆಗಣ್ಣಲ್ಲೇ ಬೆರಳು ಆಡಿಸುತ್ತಿದ್ದರು. "ಈಗ ಪಾದದಿಂದ ನನ್ನ ಕೈ ತಳ್ಳಿ." ತಳ್ಳುತ್ತಿದ್ದರು. ಅವಳು ಬರೆದುಕೊಂಡು ಹೋಗುತ್ತಿದ್ದಳು. ಗಂಟೆ ಕಳೆದರೆ ಮತ್ತೆ ಅದೇ.

ಎದೆಯೊಳಗಿನ ಆಪರೇಷನ್‌ಗೂ ಕಾಲಿನ ಬೆರಳಿಗೂ ಏನು ಸಂಬಂಧ?

ಶುರುವಾಗಿದ್ದು ದನಿಯಿಂದ. ಎರಡು ತಿಂಗಳಿಂದ ಅಪ್ಪನ ದನಿ ಒಡೆದಿತ್ತು. ಶೀತ ಅಂದುಕೊಂಡು ಸುಮ್ನಿದ್ದೆವು. ಗಂಟಲಿನ ಡಾಕ್ಟರ್ ಕ್ಯಾಮೆರಾ ಬಿಟ್ಟು ನೋಡಿ, "ಎಡಗಡೆಯ ಧ್ವನಿತಂತು ಅಲುಗಾಡ್ತಿಲ್ಲ, ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ" ಅಂದರು. ಅವರಿಗೆ ಎಷ್ಟು ಕೈ ಮುಗಿದರೂ ಸಾಲದು. ಆ ತಂತುವಿನ ನರ ಎದೆಗಿಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾದ ಕಮಾನಿನಡಿ ಸುತ್ತಿ, ಮತ್ತೆ ಗಂಟಲಿಗೆ ಹತ್ತುತ್ತದೆ. ಅಲ್ಲೇ ರಕ್ತನಾಳ ಊದಿಕೊಂಡು ನರವನ್ನು ಒತ್ತುತ್ತಿತ್ತು. ಸುಮಾರು 2.5 ಸೆಂಟಿಮೀಟರ್ ಇರಬೇಕಾದ ಜಾಗ 6.3 ಆಗಿತ್ತು. 5.5 ದಾಟಿದರೆ ಕಾಯುವುದು ಬೇಡ ಅಂದರು.

ಎದೆ ತೆರೆಯಲಿಲ್ಲ. ತೊಡೆಸಂದಿನ ರಕ್ತನಾಳದಿಂದ ತಂತಿ ಏರಿಸಿ, ಬಟ್ಟೆ ಹೊದಿಸಿದ ಲೋಹದ ಬಲೆಯ ಕೊಳವೆಯನ್ನು ಊದಿದ ಜಾಗದಲ್ಲಿ ಅರಳಿಸಿದರು. ರಕ್ತ ಈಗ ಅದರೊಳಗೆ ಹರಿಯುತ್ತದೆ, ಸೋತ ಗೋಡೆಗೆ ಹೊಡೆತ ಬೀಳುವುದಿಲ್ಲ. ಹೊರಗೆ ಕಾಯುತ್ತಾ ಓದಿದೆ: ಉಕ್ರೇನಿನ ಖಾರ್ಕಿವ್‌ನ ಸರ್ಜನ್ ನಿಕೊಲಾಯ್ ವೊಲೊಡೊಸ್ 1987ರಲ್ಲೇ ಎದೆಯ ಅಯೋರ್ಟಾಗೆ ಹೀಗೆ ಕೊಳವೆ ಕೂರಿಸಿದ್ದರು.

ಹೊರಗೆ ಕಾಣುವ ಗಾಯ ಒಂದು ಸಣ್ಣ ಪಟ್ಟಿಯಷ್ಟು. ಚಿಕ್ಕಪ್ಪ ನೋಡಿ "ಇಷ್ಟೇನಾ?" ಅಂದರು. ಒಳ್ಳೆಯವರೇ, ಆದರೆ ಕಾಯಿಲೆಯನ್ನು ಹೊಲಿಗೆಯ ಉದ್ದದಲ್ಲಿ ಅಳೆಯುತ್ತಾರೆ. ಆವತ್ತು ನಾನೂ ಹಾಗೇ ಇದ್ದೆ. ಅದಕ್ಕೇ ಸಿಸ್ಟರ್ ಮೇಲೆ ರೇಗಿದೆ. "ಈಗ ತಾನೇ ಕಣ್ಣು ಮುಚ್ಚಿದ್ದಾರೆ, ಮಲಗಲಿ ಬಿಡಮ್ಮಾ."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಅಕ್ಕಾ, ಬೆನ್ನುಹುರಿಗೆ ರಕ್ತ ಕೊಡೋ ಸಣ್ಣ ಕವಲುಗಳು ಅಯೋರ್ಟಾದಿಂದಲೇ ಹೊರಡೋದು. ಕೊಳವೆ ಕೂತಾಗ ಕೆಲವು ಮುಚ್ಚಿಹೋಗ್ತವೆ. ಕಾಲಿನ ಶಕ್ತಿ ಕಡಿಮೆಯಾದ್ರೆ ತಕ್ಷಣ ಗೊತ್ತಾಗಬೇಕು. ಬಿಪಿ ಏರಿಸಬಹುದು, ಬೆನ್ನುಹುರಿಯ ಸುತ್ತಲಿನ ನೀರು ಸ್ವಲ್ಪ ತೆಗೆಯಬಹುದು. ತಡವಾದ್ರೆ ಕಾಲು ಬರದೇ ಹೋಗಬಹುದು."

ಹಿಂದಿನ ದಿನ ನಾನು ಸಹಿ ಹಾಕಿದ ಕಾಗದದಲ್ಲಿ ಇದೇ ಇತ್ತು. ಡಾಕ್ಟರ್ ಬಿಡಿಸಿ ಹೇಳಿಯೂ ಇದ್ದರು. ನನಗೆ ಕೇಳಿಸಿದ್ದು 'ಎದೆ ಸೀಳಲ್ಲ' ಅನ್ನೋದೊಂದೇ. ಹೆದರಿದಾಗ ಹಾಗೇ ಅಲ್ವಾ, ಬೇಕಾದ್ದಷ್ಟೇ ಕಿವಿಗೆ ಬೀಳುವುದು?

ಮುಂದಿನ ಸಲ ಅವಳು ಬಂದಾಗ ನಾನೂ ಬಗ್ಗಿ ನೋಡಿದೆ. ಬಿರಿದ ಹಿಮ್ಮಡಿ. ಒಳಕ್ಕೆ ಬಾಗಿದ ಕಿರುಬೆರಳು, ನನ್ನದರ ಹಾಗೇ. ಇಷ್ಟು ವರ್ಷ ಜೊತೆಗಿದ್ದೂ ಅಪ್ಪನ ಪಾದವನ್ನು ನಾನು ನೋಡಿಯೇ ಇರಲಿಲ್ಲ. ಅವರಿಗೆ ಏನು ಇಷ್ಟ, ಯಾವುದಕ್ಕೆ ಸಿಟ್ಟು, ಎಲ್ಲ ಗೊತ್ತು. ಮೈ ಮಾತ್ರ ಗೊತ್ತಿಲ್ಲ. ಯಾರದೋ ಮಗಳು ರಾತ್ರಿಯಿಡೀ ಎದ್ದು ಕೂತು ಅದನ್ನು ನನಗಿಂತ ಜಾಸ್ತಿ ತಿಳಿದುಕೊಂಡಳು.

ಮನೆಗೆ ಬಂದಿದ್ದಾರೆ. ಒಂದು ತಿಂಗಳಾದ ಮೇಲೆ ಒಂದು ಸ್ಕ್ಯಾನ್, ಆಮೇಲೆ ವರ್ಷ ವರ್ಷ, ಕೊಳವೆಯ ಆಚೆಗೆ ರಕ್ತ ಸೋರುತ್ತಿದೆಯಾ ಅಂತ. ದನಿ ಇನ್ನೂ ಒಡೆದೇ ಇದೆ.

ನಿನ್ನೆ ರಾತ್ರಿ ಎದ್ದು ಹೋಗಿ ಹೊದಿಕೆ ಸರಿಸಿದೆ. ಎಬ್ಬಿಸಲಿಲ್ಲ. ನಿದ್ದೆಯಲ್ಲೇ ಹೆಬ್ಬೆರಳು ಒಮ್ಮೆ ಅಲುಗಿತು. ಹೊದಿಸಿ ಬಂದೆ.