ಗುಲ್ಮಾರ್ಗಿಗೆ ಮುಂಚೆ ತಲೆ ಅಳತೆ

ತಮ್ಮನ ಮಗ ಜನವರಿಯಲ್ಲಿ ಗುಲ್ಮಾರ್ಗಿಗೆ ಸ್ಕೀಯಿಂಗ್ ಕಲಿಯಲು ಹೊರಟಿದ್ದಾನೆ. ಅದಕ್ಕೊಂದು ಹೆಲ್ಮೆಟ್ ಬೇಕು, ಆದ್ರೆ ನಮ್ಮ ಬೆಳಗಾವಿಯಲ್ಲಿ ಹೆಲ್ಮೆಟ್ ಅಂದ್ರೆ ಬೈಕಿನದೇ. "ದೊಡ್ಡಪ್ಪ, ನಿಮ್ಮದನ್ನೇ ಒಯ್ಯಲೇನ್ರಿ?" ಅಂತ ಕೇಳಿದ. ಬೇಡ ಅಂದೆ. ಅದು ಭಾರ, ಅದರ ಪರೀಕ್ಷೆಯೇ ಬೇರೆ, ಮೇಲಾಗಿ ಸ್ಕೀ ಗಾಗಲ್ಸ್ ಅದರೊಳಗೆ ಸರಿಯಾಗಿ ಕೂರುವುದಿಲ್ಲ.

ಹೊಲಿಗೆ ಟೇಪು ತಂದು ಅಳೆದೆ. ಹುಬ್ಬಿನಿಂದ ಒಂದು ಬೆರಳು ಮೇಲೆ, ಕಿವಿ ಮೇಲಿಂದ, ಹಿಂದೆ ತಲೆ ಉಬ್ಬಿದ ಜಾಗ ಸುತ್ತಿ ಬಂದಾಗ 57 ಸೆಂಟಿಮೀಟರ್. ಮೀಡಿಯಂ, ಲಾರ್ಜ್ ಅನ್ನೋದು ಕಂಪನಿಗೊಂದು ಥರ ಇರುತ್ತೆ, ಸೆಂಟಿಮೀಟರ್ ಲೆಕ್ಕವನ್ನೇ ನಂಬಬೇಕು.

ಅಂಗಡಿಯಲ್ಲಿ ಹಾಕಿಕೊಂಡು, ಪಟ್ಟಿ ಬಿಗಿಯದೆ, ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ನೋಡು ಅಂದೆ. ಹೆಲ್ಮೆಟ್ ಜೊತೆ ಹಣೆಯ ಚರ್ಮವೂ ಸರಿದಾಡಬೇಕು. ಹೆಲ್ಮೆಟ್ ಒಂದೇ ಜಾರಿದರೆ ಅದು ದೊಡ್ಡದು. ಹತ್ತು ನಿಮಿಷ ತೆಗೆಯಬಾರದು, ಒಂದೇ ಜಾಗದಲ್ಲಿ ಒತ್ತಿ ನೋವು ಬಂದರೆ ಬೇರೆ ನೋಡಬೇಕು. ಗಾಗಲ್ಸ್ ಮೇಲೆ ಹಣೆ ಕಾಣುವಷ್ಟು ಸಂದು ಇರಬಾರದು. ಒಳಗೆ ದಪ್ಪ ಉಲನ್ ಟೋಪಿಯಂತೂ ಬೇಡವೇ ಬೇಡ, ಅಳತೆಯೆಲ್ಲ ಕೆಡುತ್ತದೆ.

ಒಳಗಿನ ಚೀಟಿಯಲ್ಲಿ ಇಎನ್ 1077 (ಯುರೋಪಿನ ಸ್ಕೀ ಹೆಲ್ಮೆಟ್ ಸುರಕ್ಷತಾ ಮಾನದಂಡ) ಅಥವಾ ಎಎಸ್‌ಟಿಎಂ ಎಫ್2040 (ಅಮೆರಿಕದ್ದು) ಅಂತ ಇದೆಯಾ ನೋಡಿ. ಇಎನ್‌ನಲ್ಲಿ ಎ ದರ್ಜೆಯದು ಕಿವಿಯ ಭಾಗಕ್ಕೂ ರಕ್ಷಣೆ ಕೊಡುತ್ತದೆ, ಬಿ ಸ್ವಲ್ಪ ಹಗುರ. ಯಾರೋ ಬಳಸಿದ್ದು ಅಗ್ಗಕ್ಕೆ ಸಿಕ್ತು ಅಂತ ತರಬೇಡಿ. ಒಳಗಿನ ಥರ್ಮಾಕೋಲಿನಂಥ ಪದರ ಜೋರು ಪೆಟ್ಟಿಗೆ ಒಮ್ಮೆ ಕುಸಿದರೆ ಮತ್ತೆ ಎದ್ದು ಬರುವುದಿಲ್ಲ, ಮೇಲಿಂದ ನೋಡಿದರೆ ಗೊತ್ತೂ ಆಗಲ್ಲ.

ಈಗ ದಿನಾ ಸಂಜೆ ಅದನ್ನು ಹಾಕಿಕೊಂಡೇ ಮನೆಯಲ್ಲಿ ಓಡಾಡುತ್ತಿದ್ದಾನೆ, ಗಲ್ಲದ ಪಟ್ಟಿಯನ್ನು ಕೈಗವಸು ಹಾಕಿಕೊಂಡೇ ಬಿಚ್ಚಿ ಹಾಕಿ ರೂಢಿ ಮಾಡುತ್ತಿದ್ದಾನೆ.